ಇಟ್ಟಿಗೆ, ಕಾಂಕ್ರೀಟು, ಮರ, ಗಾಜು: ಡಿಜಿಟಲ್ ಕಟ್ಟಡ ಮಾದರಿಗೆ ನಿಜವೆನಿಸುವ ಟೆಕ್ಸ್ಚರ್ ಆರಿಸುವುದು ಹೇಗೆ?

ಪ್ರಶ್ನೆ: ನಕ್ಷೆಹಾಳೆ

ಎಲ್ಲರಿಗೂ ನಮಸ್ಕಾರ. ಎರಡು ಅಂತಸ್ತಿನ ವಾಚನಾಲಯವೊಂದರ ಮಾದರಿಯನ್ನು ಸ್ಕೆಚ್‌ಅಪ್ ಎಂಬ 3ಡಿ ತಂತ್ರಾಂಶದಲ್ಲಿ ರಚಿಸಿ, ಅದನ್ನು ಬ್ಲೆಂಡರ್ ಎಂಬ ಇನ್ನೊಂದು ತಂತ್ರಾಂಶಕ್ಕೆ ತಂದು, ಅದರ ಸೈಕಲ್ಸ್ ಎಂಜಿನ್‌ನಲ್ಲಿ ರೆಂಡರ್ ಮಾಡುತ್ತಿದ್ದೇನೆ, ಅಂದರೆ ಮಾದರಿಯಿಂದ ಅಂತಿಮ ಚಿತ್ರವನ್ನು ತೆಗೆಯುತ್ತಿದ್ದೇನೆ. ಹೊರಗೋಡೆಗಳು ಗಿಲಾವು ಮಾಡದ ಇಟ್ಟಿಗೆಯವು. ಎರಡು ಅಂತಸ್ತುಗಳ ನಡುವೆಯೂ ತಾರಸಿಯ ಅಂಚಿನಲ್ಲೂ ಬಣ್ಣ ಬಳಿಯದ ಕಾಂಕ್ರೀಟಿನ ಪಟ್ಟಿಗಳಿವೆ. ಪಶ್ಚಿಮದ ಬಿಸಿಲನ್ನು ತಡೆಯಲು ಮರದ ಪಟ್ಟಿಗಳ ಜಾಲರಿಯಿದ್ದು, ಕಿಟಕಿಗಳಿಗೆ ಕಪ್ಪು ಬಣ್ಣದ ಅಲ್ಯೂಮಿನಿಯಂ ಚೌಕಟ್ಟುಗಳನ್ನು ಕೊಟ್ಟಿದ್ದೇನೆ.

ಕಟ್ಟಡದ ಆಕಾರ ಮತ್ತು ಅಳತೆಗಳು ನಕ್ಷೆಗೆ ತಕ್ಕಂತೆಯೇ ಇವೆ. ಆದರೂ ಚಿತ್ರವನ್ನು ನೋಡಿದವರೆಲ್ಲ ಕಟ್ಟಡವು ಪ್ಲಾಸ್ಟಿಕ್ಕಿನಿಂದ ಮಾಡಿದಂತೆ ಕಾಣುತ್ತದೆ ಎನ್ನುತ್ತಾರೆ. ಇಟ್ಟಿಗೆಯ ಗೋಡೆಗೆ ಸುತ್ತಿದ ಕಾಗದದ ಕಳೆ ಬಂದಿದೆ. ಕಾಂಕ್ರೀಟು ಬೂದು ಬಣ್ಣ ಬಳಿದ ಹಲಗೆಯಂತಿದೆ. ಕಿಟಕಿಯ ಗಾಜು ಒಂದೋ ಕಾಣುವುದೇ ಇಲ್ಲ, ಇಲ್ಲವೇ ಕನ್ನಡಿಯಾಗಿಬಿಡುತ್ತದೆ. ಹಣ ಕೊಟ್ಟು 8ಕೆ ಗುಣಮಟ್ಟದ (ಸುಮಾರು 8000 ಪಿಕ್ಸೆಲ್ ಅಗಲದ) ಟೆಕ್ಸ್ಚರ್‌ಗಳನ್ನು, ಅಂದರೆ ಮೇಲ್ಮೈಗೆ ಹೊದಿಸುವ ಚಿತ್ರಗಳನ್ನು, ಕೊಂಡರೆ ಈ ತೊಂದರೆ ನೀಗುತ್ತದೆಯೇ? ರಫ್‌ನೆಸ್ (ಮೇಲ್ಮೈಯ ಒರಟುತನ), ಮೆಟಾಲಿಕ್ (ಲೋಹದ ಗುಣ) ಮುಂತಾದ ಮೌಲ್ಯಗಳನ್ನು ಊಹೆಯ ಮೇಲೆ ಕೊಡದೆ ಯಾವುದಾದರೂ ಆಧಾರದ ಮೇಲೆ ನಿರ್ಧರಿಸಲು ಸಾಧ್ಯವೇ? ಕಟ್ಟಡ ಹೊಸದಾಗಿಯೂ ಕಾಣಬೇಕು, ನಿಜವಾಗಿಯೂ ಕಾಣಬೇಕು ಎಂದಾದರೆ ಕೊಳೆ, ಕಲೆಗಳನ್ನು ಎಷ್ಟರ ಮಟ್ಟಿಗೆ ಸೇರಿಸಬೇಕು? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಗಾರೆಗೆರೆ

8ಕೆ ಟೆಕ್ಸ್ಚರ್ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಕೊರತೆಯಿರುವುದು ಚಿತ್ರದ ಸೂಕ್ಷ್ಮತೆಯಲ್ಲಲ್ಲ. ಗೋಡೆಯನ್ನು ಯಾರೋ ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಿದ್ದಾರೆ ಎಂಬ ಸುಳಿವು ಮಾದರಿಯಲ್ಲಿ ಎಲ್ಲೂ ಇಲ್ಲದಿರುವುದರಿಂದಲೇ ಅದು ಕಾಗದದಂತೆ ಕಾಣುತ್ತದೆ. ಟೆಕ್ಸ್ಚರ್ ಹುಡುಕುವ ಮೊದಲು ಆ ವಸ್ತು ಯಾವ ಅಳತೆಯಲ್ಲಿ ಬರುತ್ತದೆ, ಅದನ್ನು ಹೇಗೆ ಜೋಡಿಸುತ್ತಾರೆ, ಒಂದು ತುಂಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಇಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಇಟ್ಟಿಗೆಯ ಅಳತೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಉದಾಹರಣೆಗೆ ಬ್ರಿಟನ್ನಿನ ಪ್ರಮಾಣಿತ ಇಟ್ಟಿಗೆ 215 × 102.5 × 65 ಮಿ.ಮೀ. ಇರುತ್ತದೆ. ಅದಕ್ಕೆ 10 ಮಿ.ಮೀ. ಗಾರೆಯ ಸಂದನ್ನು ಸೇರಿಸಿದರೆ ಉದ್ದ 225, ಎತ್ತರ 75 ಮಿ.ಮೀ. ಆಗುತ್ತದೆ, ಅಂದರೆ ನಾಲ್ಕು ವರಸೆಗಳಿಗೆ (ಇಟ್ಟಿಗೆಯ ಅಡ್ಡಸಾಲುಗಳಿಗೆ) ಸರಿಯಾಗಿ 300 ಮಿ.ಮೀ. ಈಗ ನಿಮ್ಮ ಟೆಕ್ಸ್ಚರ್ ಚಿತ್ರವನ್ನು ತೆರೆದು ಇಟ್ಟಿಗೆಗಳನ್ನು ಎಣಿಸಿ. ಅಡ್ಡಲಾಗಿ 8 ಇಟ್ಟಿಗೆ, ಮೇಲಿನಿಂದ ಕೆಳಕ್ಕೆ 24 ವರಸೆಗಳಿದ್ದರೆ ಆ ಚಿತ್ರವು 1.8 ಮೀಟರ್ ಅಗಲ, 1.8 ಮೀಟರ್ ಎತ್ತರದ ಗೋಡೆಯ ತುಂಡು. ಅದನ್ನು ತಂತ್ರಾಂಶವು ತಾನಾಗಿಯೇ ಕೊಡುವ 1 ಮೀಟರ್ ಅಳತೆಯಲ್ಲಿ ಹಾಗೇ ಬಿಟ್ಟರೆ 65 ಮಿ.ಮೀ. ಎತ್ತರದ ಇಟ್ಟಿಗೆ ಸುಮಾರು 36 ಮಿ.ಮೀ.ಗೆ ಕುಗ್ಗಿರುತ್ತದೆ. ನೋಡುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಆದರೆ ಕಣ್ಣಿಗೆ ಇಟ್ಟಿಗೆಯ ಗಾತ್ರದ ಅಂದಾಜು ಚೆನ್ನಾಗಿಯೇ ಇರುತ್ತದೆ. ಇಟ್ಟಿಗೆ ಚಿಕ್ಕದಾದೊಡನೆ ಇಡೀ ಕಟ್ಟಡ ಆಟಿಕೆಯ ಗಾತ್ರಕ್ಕೆ ಇಳಿದಂತೆ ಭಾಸವಾಗುತ್ತದೆ. ಸ್ಕೆಚ್‌ಅಪ್‌ನಲ್ಲಿ ಮೆಟೀರಿಯಲ್ ಬದಲಿಸುವ ಕಡೆಯೇ ಟೆಕ್ಸ್ಚರಿನ ಅಗಲವನ್ನು 1800 ಮಿ.ಮೀ. ಎಂದು ನಮೂದಿಸಬಹುದು. ಪಾಲಿ ಹೆವನ್‌ನಂಥ ಸಂಗ್ರಹಗಳಲ್ಲಿ ಒಂದು ಟೆಕ್ಸ್ಚರ್ ಎಷ್ಟು ಮೀಟರ್ ಜಾಗವನ್ನು ತೋರಿಸುತ್ತದೆ ಎಂಬುದನ್ನು ಅದರ ಪುಟದಲ್ಲಿಯೇ ಕೊಟ್ಟಿರುತ್ತಾರೆ. ಇದೂ ಆಂಬಿಯೆಂಟ್‌ಸಿಜಿ ಎಂಬ ಜಾಲತಾಣವೂ ತಮ್ಮ ಟೆಕ್ಸ್ಚರ್‌ಗಳನ್ನು ಸಿಸಿ0 (ಷರತ್ತಿಲ್ಲದೆ ಬಳಸಬಹುದಾದ) ಪರವಾನಗಿಯಡಿ ಉಚಿತವಾಗಿ ನೀಡುತ್ತವೆ. ನಿಮ್ಮ ಕೆಲಸಕ್ಕೆ ಅಲ್ಲಿರುವುದೇ ಧಾರಾಳವಾಗಿ ಸಾಕು.

8ಕೆ ಏಕೆ ಬೇಡ ಎಂಬುದಕ್ಕೂ ಒಂದು ಲೆಕ್ಕವಿದೆ. ನಿಮ್ಮ ಕಟ್ಟಡದ ಮುಂಭಾಗ 18 ಮೀಟರ್ ಇದ್ದು, ಅದು 1920 ಪಿಕ್ಸೆಲ್ ಅಗಲದ ಚಿತ್ರವನ್ನು ಪೂರ್ತಿ ತುಂಬಿದೆ ಎಂದುಕೊಳ್ಳಿ. ಆಗ ಒಂದು ಪಿಕ್ಸೆಲ್ಲಿಗೆ 9 ಮಿ.ಮೀ.ಗಿಂತ ಹೆಚ್ಚು ಗೋಡೆ ಬರುತ್ತದೆ. ಗಾರೆಯ ಒಂದು ಸಂದು ಚಿತ್ರದಲ್ಲಿ ಸರಿಸುಮಾರು ಒಂದೇ ಪಿಕ್ಸೆಲ್. ಅಷ್ಟು ದೂರದಿಂದ ನೋಡುವಾಗ 2ಕೆ ಟೆಕ್ಸ್ಚರೇ ಹೆಚ್ಚು. ಬಾಗಿಲ ಬಳಿ ನಿಂತು ನೋಡುವ ಚಿತ್ರಕ್ಕೆ ಮಾತ್ರ, ಆ ಒಂದು ಗೋಡೆಗೆ ಮಾತ್ರ, 4ಕೆ ಇಟ್ಟುಕೊಳ್ಳಿ.

ಇನ್ನು ಬಹಳ ಜನ ಗಮನಿಸದ ಭಾಗಕ್ಕೆ ಬರುತ್ತೇನೆ. ಗೋಡೆಯ ನಡುಭಾಗ ಯಾವ ಟೆಕ್ಸ್ಚರ್ ಹಾಕಿದರೂ ಒಂದು ಮಟ್ಟಿಗೆ ಚೆನ್ನಾಗಿಯೇ ಕಾಣುತ್ತದೆ. ಗುಟ್ಟು ರಟ್ಟಾಗುವುದು ಅಂಚುಗಳಲ್ಲಿ. ಮೂಲೆಯನ್ನು ನೋಡಿ. ನಿಜವಾದ ಗೋಡೆಯಲ್ಲಿ ಮೂಲೆಯ ಇಟ್ಟಿಗೆ ಒಂದು ಬದಿಗೆ ತನ್ನ ಉದ್ದವನ್ನೂ ಇನ್ನೊಂದು ಬದಿಗೆ ತನ್ನ ಅಗಲವನ್ನೂ ತೋರಿಸುತ್ತದೆ, ಮತ್ತು ಮೇಲಿನ ವರಸೆಯಲ್ಲಿ ಇದು ಅದಲುಬದಲಾಗುತ್ತದೆ. ನಿಮ್ಮ ಎರಡು ಗೋಡೆಗಳ ಯುವಿ ಜೋಡಣೆ (ಟೆಕ್ಸ್ಚರನ್ನು ಮೇಲ್ಮೈಗೆ ಹೊಂದಿಸುವ ಕ್ರಮ) ಪರಸ್ಪರ ಸಂಬಂಧವಿಲ್ಲದೆ ಆರಂಭವಾಗಿದ್ದರೆ ಮೂಲೆಯಲ್ಲಿ ಎರಡು ಸೆಂಟಿಮೀಟರಿನ ಇಟ್ಟಿಗೆಯ ಚೂರು ಕಾಣಿಸುತ್ತದೆ. ಅಂಥ ಚೂರನ್ನು ಯಾವ ಗಾರೆ ಕೆಲಸದವರೂ ಮೂಲೆಯಲ್ಲಿ ಇಡುವುದಿಲ್ಲ. ಎರಡೂ ಗೋಡೆಗಳ ಟೆಕ್ಸ್ಚರನ್ನು ಮೂಲೆಯ ಗೆರೆಯಿಂದಲೇ ಆರಂಭಿಸಿ, ಒಂದನ್ನು ಅರ್ಧ ಇಟ್ಟಿಗೆಯಷ್ಟು ಸರಿಸಿದರೆ ಇದು ಸರಿಹೋಗುತ್ತದೆ.

ಕಿಟಕಿಯ ತೆರವುಗಳಿಗೂ ಇದೇ ಮಾತು ಅನ್ವಯಿಸುತ್ತದೆ. 1200 ಮಿ.ಮೀ. ಅಗಲದ ಕಿಟಕಿ ಮೇಲಿನ ಅಳತೆಯ ಇಟ್ಟಿಗೆಗೆ ಹೊಂದುವುದಿಲ್ಲ. ಐದು ಇಟ್ಟಿಗೆಗಳ ಉದ್ದಕ್ಕೆ ಒಂದು ಸಂದು ಸೇರಿಸಿದರೆ 1135 ಮಿ.ಮೀ., ಐದೂವರೆ ಇಟ್ಟಿಗೆಗಳಿಗೆ ಒಂದು ಸಂದು ಸೇರಿಸಿದರೆ 1247.5 ಮಿ.ಮೀ.; ಈ ಎರಡರಲ್ಲಿ ಒಂದನ್ನು ಆರಿಸಿಕೊಂಡರೆ ತೆರವಿನ ಎರಡೂ ಪಕ್ಕಗಳಲ್ಲಿ ಪೂರ್ಣ ಇಟ್ಟಿಗೆ ಅಥವಾ ಅರ್ಧ ಇಟ್ಟಿಗೆ ಅಚ್ಚುಕಟ್ಟಾಗಿ ಬಂದು ನಿಲ್ಲುತ್ತದೆ. ಕಿಟಕಿಯ ಮೇಲ್ಭಾಗದಲ್ಲಿ ಲಿಂಟಲ್ (ಮೇಲಿನ ಗೋಡೆಯ ಭಾರ ಹೊರುವ ಆಧಾರ) ಎಲ್ಲಿದೆ ಎಂದೂ ಕೇಳಿಕೊಳ್ಳಿ. ಕಾಂಕ್ರೀಟಿನ ತೊಲೆಯೋ, ಲೋಹದ ಪಟ್ಟಿಯೋ, ನೆಟ್ಟಗೆ ನಿಲ್ಲಿಸಿದ ಇಟ್ಟಿಗೆಗಳ ಸಾಲೋ, ಏನಾದರೊಂದು ಅಲ್ಲಿ ಕಾಣಲೇಬೇಕು. ಏನೂ ಇಲ್ಲದೆ ಟೆಕ್ಸ್ಚರ್ ಹಾಗೆಯೇ ಮುಂದುವರಿದರೆ ಇಟ್ಟಿಗೆಗಳು ಗಾಳಿಯಲ್ಲಿ ತೇಲುತ್ತಿವೆ ಎಂಬ ಭಾವನೆ ಬರುತ್ತದೆ. ಹಾಗೆಯೇ ಗೋಡೆಗೆ ದಪ್ಪವಿರಬೇಕು, ಚೌಕಟ್ಟು ಗೋಡೆಯ ಹೊರಮುಖದಿಂದ ಸ್ವಲ್ಪ ಒಳಸರಿದಿರಬೇಕು. ಆ ಒಳಸರಿತ ಕೊಡುವ ನೆರಳಿಗೆ ಯಾವ ಟೆಕ್ಸ್ಚರೂ ಬದಲಿಯಾಗಲಾರದು.

ಕೊನೆಯದಾಗಿ, ನಿಜವಾದ ಯಾವ ವಸ್ತುವಿನ ಅಂಚೂ ಕತ್ತಿಯ ಬಾಯಿಯಂತೆ ಹರಿತವಾಗಿರುವುದಿಲ್ಲ. ಎರಡು ಮುಖಗಳು ಕೂಡುವ ಕಡೆ ಒಂದೆರಡು ಮಿ.ಮೀ. ಆದರೂ ದುಂಡಾಗಿದ್ದು, ಅಲ್ಲಿ ಬೆಳಕಿನ ಒಂದು ತೆಳುಗೆರೆ ಹೊಳೆಯುತ್ತದೆ. ಸೈಕಲ್ಸ್‌ನಲ್ಲಿ ಬೆವೆಲ್ ನೋಡ್ (ಅಂಚನ್ನು ದುಂಡಾಗಿ ತೋರಿಸುವ ಸಾಧನ) ಬಳಸಿ 2 ಮಿ.ಮೀ. ತ್ರಿಜ್ಯ ಕೊಟ್ಟರೆ ಆಕಾರವನ್ನು ಮುಟ್ಟದೆಯೇ ಇದನ್ನು ಸಾಧಿಸಬಹುದು. ನೀವು ಹೇಳಿದ ಪ್ಲಾಸ್ಟಿಕ್ ಕಳೆಯಲ್ಲಿ ಈ ಅಂಚುಗಳ ಪಾಲು ಸಣ್ಣದಲ್ಲ.

ಉತ್ತರ: ಬೆಳಕಳತೆ

ಗಾರೆಗೆರೆಯವರು ಅಳತೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತಾ, ಮೌಲ್ಯಗಳ ಬಗ್ಗೆ ತಾವು ಕೇಳಿದ ಪ್ರಶ್ನೆಗೆ ಉತ್ತರಿಸುತ್ತೇನೆ. ಊಹೆ ಬೇಕಿಲ್ಲ, ಆಧಾರಗಳಿವೆ. ಇಂದಿನ ಬಹುತೇಕ ರೆಂಡರ್ ತಂತ್ರಾಂಶಗಳು ಬಳಸುವ ಮೆಟೀರಿಯಲ್ ಪದ್ಧತಿಯು ಡಿಸ್ನಿ ಸ್ಟುಡಿಯೊದವರು 2012ರಲ್ಲಿ ಸಿಗ್‌ಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಮಾದರಿಯನ್ನು ಅನುಸರಿಸುತ್ತದೆ. ಬ್ಲೆಂಡರಿನ ಪ್ರಿನ್ಸಿಪಲ್ಡ್ ಬಿಎಸ್‌ಡಿಎಫ್ ಎಂಬ ಮೆಟೀರಿಯಲ್ ನೋಡ್ ಕೂಡ ಅದರ ಸಂತತಿಯೇ. ಅದರಲ್ಲಿ ಬಣ್ಣ, ರಫ್‌ನೆಸ್, ಮೆಟಾಲಿಕ್ ಎಂಬ ಮೂರು ಗುಂಡಿಗಳನ್ನು ಸರಿಯಾಗಿ ಹಿಡಿದರೆ ಕಟ್ಟಡದ ಬಹುಪಾಲು ವಸ್ತುಗಳ ಕೆಲಸ ಮುಗಿಯುತ್ತದೆ.

ಮೊದಲು ಬಣ್ಣ. ಇಲ್ಲಿ ಬಣ್ಣವೆಂದರೆ ಆ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಹಿಂದಕ್ಕೆ ಚೆಲ್ಲುತ್ತದೆ ಎಂಬ ಪ್ರಮಾಣ. ಇದ್ದಿಲು ಸುಮಾರು 4 ಶೇಕಡಾ, ಹಳೆಯ ಕಾಂಕ್ರೀಟು 20ರಿಂದ 30 ಶೇಕಡಾ, ಒಳ್ಳೆಯ ಬಿಳಿ ಬಣ್ಣದ ಗೋಡೆ 80ರಿಂದ 85 ಶೇಕಡಾ ಚೆಲ್ಲುತ್ತವೆ. ಆದ್ದರಿಂದ ಪೂರ್ಣ ಬಿಳಿ ಮತ್ತು ಪೂರ್ಣ ಕಪ್ಪನ್ನು ಎಂದೂ ಕೊಡಬೇಡಿ. ಕೋಣೆಯೊಳಗಿನ ಗೋಡೆಗೆ 98 ಶೇಕಡಾ ಬಿಳಿ ಕೊಟ್ಟರೆ ಬೆಳಕು ಐದು ಸಲ ಪುಟಿದ ಮೇಲೂ ಅದರ ಹತ್ತರಲ್ಲಿ ಒಂಬತ್ತು ಭಾಗ ಉಳಿದಿರುತ್ತದೆ; 80 ಶೇಕಡಾ ಕೊಟ್ಟರೆ ಐದು ಪುಟಿತಗಳ ನಂತರ ಉಳಿಯುವುದು ಮೂರನೆಯ ಒಂದು ಭಾಗ ಮಾತ್ರ. ಮೂಲೆಗಳಲ್ಲಿ ನೆರಳು ಮಡುಗಟ್ಟುವುದು ಈ ನಷ್ಟದಿಂದಲೇ. ಅದಿಲ್ಲದಿದ್ದರೆ ಕೋಣೆ ಹಾಲಿನಲ್ಲಿ ಅದ್ದಿದಂತೆ ಮಂಕಾಗುತ್ತದೆ.

ಬಣ್ಣದ ತಯಾರಕರು ತಮ್ಮ ಬಣ್ಣದ ಪಟ್ಟಿಯಲ್ಲಿ ಎಲ್‌ಆರ್‌ವಿ (ಬೆಳಕಿನ ಪ್ರತಿಫಲನ ಮೌಲ್ಯ) ಎಂಬ ಅಂಕಿಯನ್ನು ಕೊಡುವುದುಂಟು. ಅದು 0ಯಿಂದ 100ರ ವರೆಗಿನ ಇದೇ ಪ್ರಮಾಣ. ಆದರೆ ಬಣ್ಣ ಆರಿಸುವ ಪೆಟ್ಟಿಗೆಯಲ್ಲಿ ಕಾಣುವ 0ಯಿಂದ 255ರ ಅಂಕಿ ಇದಕ್ಕೆ ನೇರ ಅನುಪಾತದಲ್ಲಿರುವುದಿಲ್ಲ ಎಂಬುದನ್ನು ನೆನಪಿಡಿ. ಎಲ್‌ಆರ್‌ವಿ 50 ಇರುವ ಬೂದು ಬಣ್ಣ ಅಲ್ಲಿ 128 ಅಲ್ಲ, ಸುಮಾರು 188. 18 ಶೇಕಡಾ ಬೂದು 118. 80 ಶೇಕಡಾ ಬಿಳಿ 231. ತಾವು ಆರಿಸಿದ ಇಟ್ಟಿಗೆಯ ಚಿತ್ರದಲ್ಲಿ ನೆರಳೂ ಬಿಸಿಲಿನ ಹೊಳಪೂ ಮೊದಲೇ ಸೇರಿಹೋಗಿದ್ದರೆ ಅದನ್ನು ಬಿಟ್ಟುಬಿಡಿ. ಬೇರೆ ದಿಕ್ಕಿನ ಸೂರ್ಯ ಚಿತ್ರದೊಳಗೆ ಅಚ್ಚಾಗಿ ಕೂತಿದ್ದರೆ ತಾವು ಹಾಕುವ ಬೆಳಕು ಅದರೊಡನೆ ಜಗಳಕ್ಕೆ ನಿಲ್ಲುತ್ತದೆ.

ಮೆಟಾಲಿಕ್ ವಿಷಯದಲ್ಲಿ ನಡುವಿನ ಅಂಕಿಗಳಿಗೆ ಅರ್ಥವಿಲ್ಲ. ಬರಿಯ ಲೋಹವಾದರೆ 1, ಉಳಿದ ಎಲ್ಲದಕ್ಕೂ 0. ತಮ್ಮ ಕಿಟಕಿಯ ಚೌಕಟ್ಟು ಅಲ್ಯೂಮಿನಿಯಂ ಆಗಿದ್ದರೂ ಅದರ ಮೇಲೆ ಕಪ್ಪು ಪೌಡರ್ ಕೋಟಿಂಗ್ ಇರುವುದರಿಂದ ಕಣ್ಣಿಗೆ ಕಾಣುವುದು ಬಣ್ಣವೇ ಹೊರತು ಲೋಹವಲ್ಲ. ಅಲ್ಲಿ 0 ಇರಬೇಕು. ತುಕ್ಕಿಗೂ ಇದೇ ನಿಯಮ.

ಇನ್ನು ರಫ್‌ನೆಸ್. ನನ್ನ ದೃಷ್ಟಿಯಲ್ಲಿ ವಸ್ತುವಿನ ಗುರುತು ಬಣ್ಣಕ್ಕಿಂತ ಹೆಚ್ಚಾಗಿ ಇದರಲ್ಲಿದೆ. ಒಂದೇ ಗ್ರಾನೈಟ್ ಕಲ್ಲನ್ನು ಪಾಲಿಶ್ ಮಾಡಿದಾಗ ಅದು ಎದುರಿನ ಕಿಟಕಿಯನ್ನು ಪ್ರತಿಬಿಂಬಿಸುತ್ತದೆ, ಬೆಂಕಿಯ ಜ್ವಾಲೆಯಿಂದ ಒರಟು ಮಾಡಿದಾಗ ಯಾವುದನ್ನೂ ಪ್ರತಿಬಿಂಬಿಸುವುದಿಲ್ಲ. ಕಲ್ಲು ಒಂದೇ, ಕಾಳುಗಳೂ ಅವೇ. ರಫ್‌ನೆಸ್ಸನ್ನು ಇಡೀ ಮೇಲ್ಮೈಗೆ ಒಂದೇ ಅಂಕಿಯಾಗಿ ಕೊಟ್ಟರೆ ಪ್ಲಾಸ್ಟಿಕ್ ಕಾಣುವುದು ಖಂಡಿತ, ಏಕೆಂದರೆ ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಮಾತ್ರ ಹಾಗೆ ಎಲ್ಲೆಡೆ ಸಮನಾಗಿರುತ್ತದೆ. ಜನ ನಡೆದಾಡುವ ನೆಲದ ನಡುಭಾಗ ಸವೆದು ನಯವಾಗುತ್ತದೆ, ಬಾಗಿಲ ಹಿಡಿಯ ಸುತ್ತ ಕೈಯ ಎಣ್ಣೆ ಅಂಟುತ್ತದೆ, ಗಾರೆಯ ಸಂದು ಇಟ್ಟಿಗೆಗಿಂತ ಒರಟಾಗಿರುತ್ತದೆ. ಈ ವ್ಯತ್ಯಾಸ ಸಣ್ಣದಾಗಿದ್ದರೂ ಸಾಕು, ಇರಬೇಕು. ಬಹುತೇಕ ಕೊಳೆಯನ್ನು ಆಂಬಿಯೆಂಟ್ ಅಕ್ಲೂಷನ್ (ಮೂಲೆ, ಸಂದುಗಳಂಥ ಮುಚ್ಚಿಕೊಂಡ ಜಾಗಗಳ ಲೆಕ್ಕ) ಆಧಾರದ ಮಾಸ್ಕ್‌ನಿಂದ, ಅಂದರೆ ಪರಿಣಾಮ ಎಲ್ಲಿ ಬೀಳಬೇಕೆಂದು ಹೇಳುವ ಕಪ್ಪು-ಬಿಳುಪು ಚಿತ್ರದಿಂದ, ಸುಲಭವಾಗಿ ಸೇರಿಸಬಹುದು.

ಎರಡು ತಾಂತ್ರಿಕ ಎಚ್ಚರಿಕೆಗಳು. ಬಣ್ಣದ ಚಿತ್ರವನ್ನು ಬಿಟ್ಟು ರಫ್‌ನೆಸ್, ನಾರ್ಮಲ್ (ಮೇಲ್ಮೈಯ ಉಬ್ಬುತಗ್ಗುಗಳ ದಿಕ್ಕು ಹೇಳುವ), ಡಿಸ್‌ಪ್ಲೇಸ್‌ಮೆಂಟ್ (ಅವುಗಳ ಎತ್ತರ ಹೇಳುವ) ಚಿತ್ರಗಳೆಲ್ಲವನ್ನೂ ಬ್ಲೆಂಡರ್‌ನಲ್ಲಿ ನಾನ್-ಕಲರ್ ಎಂದು ಗುರುತಿಸಬೇಕು, ಇಲ್ಲವಾದರೆ ಎಲ್ಲ ಅಂಕಿಗಳೂ ತಿರುಚಿಹೋಗುತ್ತವೆ. ನಾರ್ಮಲ್ ಮ್ಯಾಪ್‌ಗಳು ಓಪನ್‌ಜಿಎಲ್ ಮತ್ತು ಡೈರೆಕ್ಟ್‌ಎಕ್ಸ್ ಎಂಬ ಎರಡು ಬಗೆಗಳಲ್ಲಿ ಬರುತ್ತವೆ. ಎರಡರಲ್ಲೂ ಹಸಿರು ಪದರ ಒಂದಕ್ಕೊಂದು ತಲೆಕೆಳಗು. ಬ್ಲೆಂಡರ್ ಮೊದಲನೆಯದನ್ನು ನಿರೀಕ್ಷಿಸುತ್ತದೆ, ಅನ್‌ರಿಯಲ್ ಎಂಜಿನ್ ಎರಡನೆಯದನ್ನು. ಮೇಲಿನಿಂದ ಬೆಳಕು ಬೀಳುವಾಗ ಸಂದುಗಳು ಉಬ್ಬಿ ಇಟ್ಟಿಗೆಗಳು ತಗ್ಗಿದಂತೆ ಕಂಡರೆ ತಾವು ತಪ್ಪು ಬಗೆಯನ್ನು ಇಳಿಸಿಕೊಂಡಿದ್ದೀರಿ ಎಂದೇ ಅರ್ಥ.

ನಕ್ಷೆಹಾಳೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಟೆಕ್ಸ್ಚರಿನಲ್ಲಿ ಇಟ್ಟಿಗೆಗಳನ್ನು ಎಣಿಸಿ ಅಳತೆ ಸರಿಪಡಿಸಿ, ಕಿಟಕಿಯ ತೆರವುಗಳನ್ನು 1247.5 ಮಿ.ಮೀ.ಗೆ ಬದಲಿಸಿದೆ. ಟೆಕ್ಸ್ಚರ್ ಮೊದಲಿನದೇ ಆಗಿದ್ದರೂ ಗೋಡೆ ಈಗ ಭಾರವಾಗಿ ನೆಲದ ಮೇಲೆ ಕೂತಂತೆ ಕಾಣುತ್ತಿದೆ. ಚೌಕಟ್ಟಿನ ಮೆಟಾಲಿಕ್ ಮೌಲ್ಯವನ್ನು 0 ಮಾಡಿದ ಮೇಲೆ ಅದರ ಹೊಳಪೂ ಹದಕ್ಕೆ ಬಂದಿದೆ.

ಉಳಿದಿರುವುದು ಕಾಂಕ್ರೀಟು, ಮರದ ಜಾಲರಿ ಮತ್ತು ಗಾಜು. ಆಂಬಿಯೆಂಟ್ ಅಕ್ಲೂಷನ್ ಮಾಸ್ಕ್ ಬಳಸಿ ಕೊಳೆ ಸೇರಿಸಿ ನೋಡಿದೆ. ಎಲ್ಲ ಒಳಮೂಲೆಗಳಲ್ಲೂ ಒಂದೇ ಸಮನೆ ಕಪ್ಪು ಕವಿದು, ಕಟ್ಟಡಕ್ಕೆ ಹೊಗೆ ಹಿಡಿದಂತಾಯಿತು. ಇದನ್ನು ಹೇಗೆ ಹದಗೊಳಿಸುವುದು?

ಉತ್ತರ: ಇಳಿನೀರು

ಕೊಳೆಯ ವಿಷಯದಲ್ಲಿ ಬೆಳಕಳತೆಯವರ ಮಾತನ್ನು ನಾನು ಒಪ್ಪಲಾರೆ. ಆಂಬಿಯೆಂಟ್ ಅಕ್ಲೂಷನ್ ಎಂಬುದು ಒಂದು ಜಾಗ ಎಷ್ಟು ಮುಚ್ಚಿಕೊಂಡಿದೆ ಎಂಬ ಲೆಕ್ಕ ಮಾತ್ರ. ಪೀಠೋಪಕರಣದ ಸಂದಿನ ಧೂಳಿಗೆ ಅದು ಸರಿ. ಕಟ್ಟಡದ ಹೊರಮುಖದಲ್ಲಿ ಕಲೆಯನ್ನು ನಿರ್ಧರಿಸುವುದು ಮಳೆನೀರಿನ ದಾರಿ. ಸಜ್ಜಾದ ಕೆಳಗಿನ ಒಳಮೂಲೆ ಮುಚ್ಚಿಕೊಂಡಿದ್ದರೂ ನೀರು ತಾಗದೆ ವರ್ಷಗಟ್ಟಲೆ ಸ್ವಚ್ಛವಾಗಿ ಉಳಿದಿರಬಹುದು. ಅದೇ ಹೊತ್ತಿಗೆ, ಪೂರ್ತಿ ತೆರೆದ ಗೋಡೆಯ ಮೇಲೆ ಕಿಟಕಿಯ ಸಿಲ್‌ನ (ತಳದ ಪಟ್ಟಿಯ) ಎರಡು ತುದಿಗಳಿಂದ ಕಪ್ಪು ಗೆರೆಗಳು ಇಳಿದಿರಬಹುದು. ಮಾಸ್ಕ್ ಈ ಎರಡನ್ನೂ ತಿರುವುಮುರುವಾಗಿ ತೋರಿಸುತ್ತದೆ.

ಆದ್ದರಿಂದ ನಿಮ್ಮ ಕಟ್ಟಡದ ಮೇಲೆ ಮಳೆ ಬೀಳುತ್ತಿದೆ ಎಂದು ಭಾವಿಸಿ ನೀರನ್ನು ಹಿಂಬಾಲಿಸಿ. ತಾರಸಿಯ ಅಂಚಿನ ಕಾಂಕ್ರೀಟು ಪಟ್ಟಿಯ ಮೇಲ್ಮೈ ಸಮತಟ್ಟಾಗಿದ್ದರೆ ಅಲ್ಲಿ ಧೂಳು ಕೂರುತ್ತದೆ, ಮಳೆ ಬಂದಾಗ ಅದು ಮುಂಭಾಗದ ಮೇಲೆ ಗೆರೆಗೆರೆಯಾಗಿ ಇಳಿಯುತ್ತದೆ. ಗೆರೆಗಳು ಮೇಲೆ ದಟ್ಟವಾಗಿ, ಕೆಳಗಿಳಿದಂತೆ ತೆಳುವಾಗುತ್ತವೆ. ಸಿಲ್‌ನ ಅಡಿಯಲ್ಲಿ ನೀರು ತೊಟ್ಟಿಕ್ಕಲೆಂದು ಕೊರೆದ ಸಣ್ಣ ಕಾಲುವೆಯಿದ್ದರೆ ಅದರ ಕೆಳಗಿನ ಗೋಡೆ ಸ್ವಚ್ಛವಾಗಿರುತ್ತದೆ, ತುದಿಗಳಲ್ಲಿ ಮಾತ್ರ ಕಲೆಯಾಗುತ್ತದೆ. ಗೋಡೆಯ ಬುಡದಲ್ಲಿ ಮಳೆಹನಿ ನೆಲಕ್ಕೆ ಬಡಿದು ಮಣ್ಣನ್ನು ಸಿಡಿಸುವುದರಿಂದ ಮೊಣಕಾಲೆತ್ತರದ ಒಳಗೆ ಬಣ್ಣ ಒಂದಿಷ್ಟು ಗಾಢವಾಗಿರುತ್ತದೆ, ಆ ಪಟ್ಟಿಯ ಮೇಲಂಚು ಎಂದೂ ನೇರವಾಗಿರುವುದಿಲ್ಲ. ಹೊಸ ಇಟ್ಟಿಗೆ ಗೋಡೆ ಒಣಗುವಾಗ ಒಳಗಿನ ಲವಣ ನೀರಿನೊಡನೆ ಹೊರಬಂದು ಬಿಳಿಯ ಪುಡಿಯಾಗಿ ಮೇಲ್ಮೈಯಲ್ಲಿ ಉಳಿಯುತ್ತದೆ; ಅಲ್ಲಲ್ಲಿ ಅದರ ತೆಳು ಛಾಯೆ ಹಾಕಿದರೆ ಕಟ್ಟಡ ಹೊಸದಾಗಿಯೂ ನಿಜವಾಗಿಯೂ ಕಾಣಬೇಕೆಂಬ ನಿಮ್ಮ ಬೇಡಿಕೆ ಒಟ್ಟಿಗೇ ಈಡೇರುತ್ತದೆ.

ಇದನ್ನೆಲ್ಲ ಕೈಯಿಂದ ಬಿಡಿಸುವುದೇ ನನ್ನ ಆಯ್ಕೆ. ಕಪ್ಪು-ಬಿಳುಪಿನ ಒಂದು ಮಾಸ್ಕ್ ಚಿತ್ರದಲ್ಲಿ ಗೆರೆಗಳನ್ನು ಬರೆದು, ಅದರಿಂದ ಬಣ್ಣವನ್ನು ತುಸು ಕಡಿಮೆ ಮಾಡಿ, ಅದೇ ಮಾಸ್ಕ್‌ನಿಂದ ರಫ್‌ನೆಸ್ಸನ್ನೂ ಬದಲಿಸಿ. ನೋಡುವವರು ಕಲೆಯನ್ನು ಗುರುತಿಸಿ ಹೇಳುವಷ್ಟು ಎದ್ದು ಕಂಡರೆ ಅರ್ಧಕ್ಕೆ ಇಳಿಸಿ. ಹೊಸ ಕಟ್ಟಡಕ್ಕೆ ಅಷ್ಟು ಸಾಕು.

ಮರದ ಜಾಲರಿಗೂ ಇದೇ ಕಣ್ಣಿಂದ ನೋಡಬೇಕು. ಮೊದಲ ಮಾತು, ಮರದ ಎಳೆ ಯಾವಾಗಲೂ ಪಟ್ಟಿಯ ಉದ್ದಕ್ಕೆ ಹರಿಯುತ್ತದೆ. ಲಂಬ ಪಟ್ಟಿಗಳಿಗೆ ಲಂಬವಾಗಿ, ಅಡ್ಡಪಟ್ಟಿಗಳಿಗೆ ಅಡ್ಡವಾಗಿ ಯುವಿಯನ್ನು ತಿರುಗಿಸಲೇಬೇಕು. ಕತ್ತರಿಸಿದ ತುದಿಯಲ್ಲಿ ಉದ್ದದ ಎಳೆ ಕಾಣುವುದಿಲ್ಲ, ವರ್ತುಲಗಳ ತುಣುಕು ಕಾಣುತ್ತದೆ. ಅದಕ್ಕೆ ಬೇರೆ ಟೆಕ್ಸ್ಚರ್ ಬೇಕು. ಪ್ರತಿ ಪಟ್ಟಿಯೂ ಟೆಕ್ಸ್ಚರಿನ ಬೇರೆ ಬೇರೆ ಜಾಗದಿಂದ ಆರಂಭವಾಗುವಂತೆ ನೋಡಿಕೊಳ್ಳಿ, ಒಂದೇ ಗಂಟು ಸಾಲಾಗಿ ಹತ್ತು ಪಟ್ಟಿಗಳಲ್ಲಿ ಅದೇ ಎತ್ತರದಲ್ಲಿ ಕಂಡರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಬ್ಲೆಂಡರಿನ ಆಬ್ಜೆಕ್ಟ್ ಇನ್ಫೋ ನೋಡ್‌ನಲ್ಲಿರುವ ರ‍್ಯಾಂಡಮ್ ಮೌಲ್ಯದಿಂದ ಇದನ್ನು ಮಾಡಬಹುದು, ಪಟ್ಟಿಗಳು ಬೇರೆ ಬೇರೆ ಆಬ್ಜೆಕ್ಟ್‌ಗಳಾಗಿದ್ದರೆ ಸಾಕು.

ಎರಡನೆಯದಾಗಿ, ಹೊರಗಿಟ್ಟ ಮರ ಬೂದಾಗುತ್ತದೆ. ಸೂರ್ಯನ ನೇರಳಾತೀತ ಕಿರಣಗಳು ಮರದ ಲಿಗ್ನಿನ್ನನ್ನು (ನಾರುಗಳನ್ನು ಬಂಧಿಸುವ ವಸ್ತುವನ್ನು) ಒಡೆಯುತ್ತವೆ, ಮಳೆ ಅದನ್ನು ತೊಳೆದೊಯ್ಯುತ್ತದೆ. ಸಜ್ಜಾದ ನೆರಳಿನಲ್ಲಿರುವ ಭಾಗ ಮಾತ್ರ ಬಹುಕಾಲ ಕಂದಾಗಿಯೇ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಕಟ್ಟಡದಲ್ಲಿ ವಾಸ್ತುಶಿಲ್ಪಿ ಲೂಯಿ ಕಾನ್ ಬಳಸಿದ ತೇಗದ ಕಿಟಕಿ ಗೋಡೆಗಳು ಬಿಸಿಲು ಮಳೆಗೆ ತೆರೆದುಕೊಂಡ ಮಟ್ಟಕ್ಕೆ ತಕ್ಕಂತೆ ಒಂದೊಂದು ಕಡೆ ಒಂದೊಂದು ಬಣ್ಣ ತಾಳಿದ್ದವು. ನಿಮ್ಮ ಜಾಲರಿ ಪಶ್ಚಿಮಕ್ಕಿರುವುದರಿಂದ ಅದರ ಮೇಲ್ತುದಿಯ ಒಂದು ಪಟ್ಟಿ ಕಂದಾಗಿ, ಕೆಳಗೆ ಬರುತ್ತಾ ಬೂದಾಗುವಂತೆ ಒಂದು ಹಗುರವಾದ ಗ್ರೇಡಿಯೆಂಟ್ ಕೊಟ್ಟರೆ ಚಿತ್ರಕ್ಕೆ ಕಾಲದ ಒಂದು ಆಯಾಮ ಬರುತ್ತದೆ.

ಉತ್ತರ: ಸೆಂಟ್ರಿಂಗ್‌ಹಲಗೆ

ಸಾಲ್ಕ್ ಸಂಸ್ಥೆಯ ಪ್ರಸ್ತಾಪ ಬಂದದ್ದರಿಂದ ಕಾಂಕ್ರೀಟಿನ ಬಗ್ಗೆ ಒಂದು ಮಾತು. 1965ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಗೋಡೆಗಳಲ್ಲಿ ಸೆಂಟ್ರಿಂಗ್ ಹಲಗೆಗಳು (ಕಾಂಕ್ರೀಟು ಸುರಿಯಲು ಕಟ್ಟುವ ಅಚ್ಚಿನ ಹಲಗೆಗಳು) ಕೂಡಿದ ಗೆರೆಗಳನ್ನೂ, ಹಲಗೆಗಳನ್ನು ಬಿಗಿದ ಸರಳುಗಳ ತೂತುಗಳನ್ನೂ ಕಾನ್ ಮುಚ್ಚಲಿಲ್ಲ; ಗೆರೆಗಳನ್ನು ಉಬ್ಬಿಸಿದರು, ತೂತುಗಳಿಗೆ ಸೀಸದ ಬಿರಡೆ ಹಾಕಿಸಿದರು. ಜಪಾನಿನ ವಾಸ್ತುಶಿಲ್ಪಿ ತಡಾವೊ ಆಂಡೊ ಅವರ ಕಾಂಕ್ರೀಟು ಗೋಡೆಗಳಲ್ಲಿ 900 × 1800 ಮಿ.ಮೀ. ಹಲಗೆಯ ಗುರುತೂ ಅದರೊಳಗಿನ ತೂತುಗಳ ಸಾಲೂ ಇಡೀ ಗೋಡೆಯ ಲಯವನ್ನು ನಿರ್ಧರಿಸುತ್ತವೆ. ಅಂದರೆ ಕಾಂಕ್ರೀಟಿಗೆ ತನ್ನದೇ ಆದ ಮುಖವಿಲ್ಲ, ಅದು ಹಲಗೆಯ ಮುಖವನ್ನು ತಾಳುತ್ತದೆ.

ನೀವು ಬೂದು ಬಣ್ಣದ ಕಲೆಗಳಿರುವ ಒಂದು ಸಾಮಾನ್ಯ ಕಾಂಕ್ರೀಟು ಚಿತ್ರವನ್ನು ಉದ್ದಕ್ಕೂ ಹಾಸಿದ್ದೀರಿ ಎಂದು ಊಹಿಸುತ್ತೇನೆ. ಅದರ ಬದಲು ಪಟ್ಟಿಯ ಉದ್ದವನ್ನು ಮೊದಲು ಹಲಗೆಗಳಾಗಿ ವಿಂಗಡಿಸಿ. ಕಿಟಕಿಯ ಅಂಚಿಗೆ ಹಲಗೆಯ ಸಂದು ಬಂದು ಸೇರುವಂತೆ ಅಳತೆ ಹೊಂದಿಸಿ, ಪ್ರತಿ ಹಲಗೆಗೂ ಬೂದಿನ ಛಾಯೆಯನ್ನು ಕೂದಲೆಳೆಯಷ್ಟು ಬದಲಿಸಿ, ಸಂದುಗಳಲ್ಲಿ ಒಂದೆರಡು ಮಿ.ಮೀ. ಏರುಪೇರನ್ನು ತೋರಿಸಿ. ಕಾಂಕ್ರೀಟು ಸುರಿಯುವಾಗ ಹಲಗೆಗೆ ಅಂಟಿಕೊಂಡ ಗಾಳಿಗುಳ್ಳೆಗಳ ಸಣ್ಣ ಕುಳಿಗಳು ಲಂಬ ಮುಖದಲ್ಲಿ ಇರುತ್ತವೆ. ಆದರೆ ಸಮತಟ್ಟು ಹಲಗೆಯ ಮೇಲೆ ಸುರಿದ ಚಾವಣಿಯ ತಳಭಾಗದಲ್ಲಿ ಅಷ್ಟಾಗಿ ಇರುವುದಿಲ್ಲ. ಗುಳ್ಳೆ ಮೇಲಕ್ಕೆ ಏರಿ ಹೋಗುತ್ತದೆ, ಲಂಬ ಹಲಗೆಯಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಆದ್ದರಿಂದ ಎರಡಕ್ಕೂ ಒಂದೇ ಟೆಕ್ಸ್ಚರ್ ಬಳಸಬೇಡಿ. ಹೊರಮೂಲೆಗಳು ಒಡೆಯದಂತೆ ಸೆಂಟ್ರಿಂಗ್ ಮೂಲೆಯಲ್ಲಿ ಮರದ ಸಣ್ಣ ತ್ರಿಕೋನ ಪಟ್ಟಿಯನ್ನು ಇಡುವ ರೂಢಿಯಿದೆ, ಅದರಿಂದ ಅಂಚು 10ರಿಂದ 20 ಮಿ.ಮೀ. ಓರೆಯಾಗಿ ಬರುತ್ತದೆ. ಇದಕ್ಕೆ ಬೆವೆಲ್ ನೋಡ್ ಸಾಲದು, ಆಕಾರದಲ್ಲಿಯೇ ಕತ್ತರಿಸಿ.

ಒಂದು ವಿನಂತಿಯೂ ಇದೆ. ಈ ಚಿತ್ರವನ್ನು ಕಟ್ಟಡ ಕಟ್ಟಿಸುವವರಿಗೆ ತೋರಿಸುವುದಾದರೆ, ನಿಜವಾಗಿ ಬಳಸಲಿರುವ ವಸ್ತುವನ್ನೇ ತೋರಿಸಿ. ಅತಿ ನಯವಾದ ಕಾಂಕ್ರೀಟನ್ನು ಚಿತ್ರದಲ್ಲಿ ಕೊಟ್ಟು, ನಿರ್ಮಾಣದಲ್ಲಿ ಸಾಮಾನ್ಯ ಹಲಗೆಯನ್ನು ಬಳಸಿದರೆ ಮೊದಲ ಸೆಂಟ್ರಿಂಗ್ ಬಿಚ್ಚಿದ ದಿನವೇ ಜಗಳ ಶುರುವಾಗುತ್ತದೆ. ಇಟ್ಟಿಗೆಯ ಮಾದರಿ ಕೈಗೆ ಸಿಗುವಂತಿದ್ದರೆ ಮೋಡ ಕವಿದ ದಿನ, ನೇರ ಬಿಸಿಲಿಲ್ಲದ ಬೆಳಕಿನಲ್ಲಿ, ಪಕ್ಕದಲ್ಲಿ 18 ಶೇಕಡಾ ಬೂದು ಹಾಳೆಯನ್ನಿಟ್ಟು ಛಾಯಾಚಿತ್ರ ತೆಗೆಯಿರಿ. ಹಾಳೆ 118ಕ್ಕೆ ಬರುವಂತೆ ಚಿತ್ರವನ್ನು ಹೊಂದಿಸಿದರೆ ಇಟ್ಟಿಗೆಯ ಬಣ್ಣವೂ ತನ್ನ ಸ್ಥಾನಕ್ಕೆ ಬರುತ್ತದೆ.

ಉತ್ತರ: ಬೆಳಕಳತೆ

ಇಳಿನೀರು ಅವರ ವಾದ ಹೊರಗೋಡೆಯ ಮಟ್ಟಿಗೆ ಸರಿಯಾಗಿದೆ. ಆ ಮಾಸ್ಕನ್ನು ಒಳಾಂಗಣಕ್ಕೆ ಮಾತ್ರ ಇಟ್ಟುಕೊಳ್ಳಿ.

ಗಾಜಿನ ಬಗ್ಗೆ ಉಳಿದ ಪ್ರಶ್ನೆಗೆ ಬರುತ್ತೇನೆ. ಸಾಮಾನ್ಯ ಗಾಜಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.5ರ ಆಸುಪಾಸಿನಲ್ಲಿರುತ್ತದೆ. ಎದುರಿನಿಂದ ನೇರವಾಗಿ ನೋಡಿದಾಗ ಅದರ ಪ್ರತಿ ಮೇಲ್ಮೈ ಸುಮಾರು 4 ಶೇಕಡಾ ಬೆಳಕನ್ನು ಹಿಂದಿರುಗಿಸುತ್ತದೆ, ಆದ್ದರಿಂದ ಎರಡು ಮುಖಗಳಿರುವ ಒಂದು ಹಲಗೆ ಗಾಜು ಸುಮಾರು 8 ಶೇಕಡಾ ಪ್ರತಿಫಲಿಸುತ್ತದೆ. ಆದರೆ ಮೇಲ್ಮೈಗೆ ಲಂಬವಾದ ರೇಖೆಯಿಂದ 80 ಡಿಗ್ರಿ ಓರೆಯಾಗಿ ನೋಡಿದಾಗ ಒಂದೇ ಮೇಲ್ಮೈಯ ಪ್ರತಿಫಲನ 39 ಶೇಕಡಾ ತಲುಪುತ್ತದೆ. ಹೀಗಾಗಿ ಉದ್ದನೆಯ ಮುಂಭಾಗದಲ್ಲಿ ಹತ್ತಿರದ ಕಿಟಕಿಗಳ ಮೂಲಕ ಒಳಗೆ ಕಾಣುವುದೂ, ದೂರದ ಕಿಟಕಿಗಳು ಆಕಾಶವನ್ನು ತೋರಿಸುವುದೂ ಸಹಜವೇ. ತಾವು ಗಾಜಿನ ಹೊಳಪನ್ನು ಕೈಯಿಂದ ಹೆಚ್ಚು ಕಡಿಮೆ ಮಾಡುತ್ತಿದ್ದರೆ ಅದನ್ನು ನಿಲ್ಲಿಸಿ, ಸೂಚ್ಯಂಕವನ್ನು 1.5ಕ್ಕೆ ಬಿಟ್ಟು, ಗಾಜಿಗೆ ನಿಜವಾದ ದಪ್ಪ ಕೊಡಿ. ಒಂದೇ ಪದರದ ಮೇಲ್ಮೈಯಾದರೆ ಬೆಳಕು ಒಳಹೊಕ್ಕು ಬಾಗಿ ಹೊರಬರುವ ದಾರಿಯೇ ಇಲ್ಲದೆ, ಹಿಂದಿನ ದೃಶ್ಯ ನೀರಿನೊಳಗಿನಂತೆ ತಿರುಚಿ ಕಾಣುತ್ತದೆ.

ಗಾಜು ಸರಿಯಾಗಬೇಕಾದರೆ ಅದು ಪ್ರತಿಬಿಂಬಿಸಲು ಎದುರಿಗೆ ಏನಾದರೂ ಇರಬೇಕು, ಒಳಗೂ ಏನಾದರೂ ಇರಬೇಕು. ಹಗಲಿನಲ್ಲಿ ಹೊರಗಿಗಿಂತ ಒಳಗೆ ಬೆಳಕು ಬಹಳ ಕಡಿಮೆಯಿರುವುದರಿಂದ ಹೊರಗಿನಿಂದ ಕಿಟಕಿ ಗಾಢವಾಗಿ ಕಾಣುತ್ತದೆ. ಆ ಗಾಢತೆಯೊಳಗೆ ಪುಸ್ತಕದ ಕಪಾಟಿನ ಅಂಚು, ಚಾವಣಿಯ ಒಂದು ದೀಪ, ಅರ್ಧ ಸರಿಸಿದ ಪರದೆ ಮಸುಕಾಗಿ ಕಂಡಾಗ ಆಳದ ಅನುಭವವಾಗುತ್ತದೆ. ಎದುರಿಗೆ ಖಾಲಿ ಆಕಾಶದ ಬದಲು ಮರಗಳೂ ಬೇರೆ ಕಟ್ಟಡಗಳೂ ಇರುವ ಎಚ್‌ಡಿಆರ್‌ಐ (ಸುತ್ತಲಿನ ದೃಶ್ಯವನ್ನೂ ಬೆಳಕನ್ನೂ ಕೊಡುವ) ಚಿತ್ರವನ್ನು ಬಳಸಿ. ಕೊನೆಗೆ, ಪ್ರತಿ ಗಾಜಿನ ಹಲಗೆಯನ್ನೂ ಅರ್ಧ ಡಿಗ್ರಿಗಿಂತ ಕಡಿಮೆ, ಬೇರೆ ಬೇರೆ ದಿಕ್ಕಿಗೆ ವಾಲಿಸಿ. ಸಾಲು ಕಿಟಕಿಗಳಲ್ಲಿ ಒಂದೇ ಮರದ ಪ್ರತಿಬಿಂಬ ಚೌಕಟ್ಟಿನಿಂದ ಚೌಕಟ್ಟಿಗೆ ತುಸು ಕಡಿದು ಜಿಗಿದಂತೆ ಕಾಣಬೇಕು, ಏಕೆಂದರೆ ನಿಜವಾಗಿ ಕೂರಿಸಿದ ಗಾಜುಗಳು ಎಂದೂ ಒಂದೇ ಸಮತಲದಲ್ಲಿ ಇರುವುದಿಲ್ಲ. ಬ್ಲೆಂಡರ್ 4.0ರ ನಂತರದ ಆವೃತ್ತಿ ತಮ್ಮಲ್ಲಿದ್ದರೆ ವ್ಯೂ ಟ್ರಾನ್ಸ್‌ಫಾರ್ಮ್ (ಲೆಕ್ಕ ಹಾಕಿದ ಬೆಳಕನ್ನು ಪರದೆಯ ಬಣ್ಣಕ್ಕೆ ತರುವ ಆಯ್ಕೆ) ಎಜಿಎಕ್ಸ್ ಆಗಿದೆಯೇ ನೋಡಿಕೊಳ್ಳಿ. ಬಿಸಿಲು ಬಿದ್ದ ಇಟ್ಟಿಗೆಯ ಕೆಂಪು ಅದರಲ್ಲಿ ಕಣ್ಣಿಗೆ ಹೊಡೆಯುವುದಿಲ್ಲ.